ನಾಲ್ಕು ವರ್ಷದ ಸದಸ್ಯರು, ಇನ್ನೂರು ವರ್ಷದ ಸಂಘ

ಸಂಘಸಂಸ್ಥೆಗಳ ಆಯುಷ್ಯವನ್ನು ಕುರಿತು ಯೋಚಿಸುವವರಿಗೆ ಅಮೆರಿಕದ ಕಾಲೇಜುಗಳಲ್ಲಿ ಒಂದು ವಿಚಿತ್ರವಾದ ನಿದರ್ಶನ ದೊರೆಯುತ್ತದೆ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಕೆಲವು ವಿದ್ಯಾರ್ಥಿಗಳು ಕೂಡಿ ‘ಕಪ್ಪಾ ಆಲ್ಫಾ’ ಎಂಬ ಸಂಘವನ್ನು ಕಟ್ಟಿಕೊಂಡರು. ಅದನ್ನು ನೋಡಿ 1827ರಲ್ಲಿ ಅದೇ ಕಾಲೇಜಿನಲ್ಲಿ ‘ಸಿಗ್ಮಾ ಫೈ’, ‘ಡೆಲ್ಟಾ ಫೈ’ ಎಂಬ ಇನ್ನೆರಡು ಸಂಘಗಳು ಹುಟ್ಟಿದವು. ಈ ಮೂರು ಸಂಸ್ಥೆಗಳೂ ಇಂದಿಗೂ ಬದುಕಿವೆ. ಇವುಗಳ ಮಾದರಿಯಲ್ಲಿ ಹುಟ್ಟಿದ ನೂರಾರು ಶಾಖೆಗಳು ಆ ದೇಶದ ಉದ್ದಗಲಕ್ಕೂ ಹರಡಿ, ನೂರು ನೂರೈವತ್ತು ವರ್ಷಗಳನ್ನು ದಾಟಿ ನಡೆಯುತ್ತಿವೆ.

ಇದರಲ್ಲಿ ವಿಚಿತ್ರವೇನು ಎಂದು ವಾಚಕರು ಕೇಳಬಹುದು. ದೇವಾಲಯಗಳು, ಮಠಗಳು, ವಿಶ್ವವಿದ್ಯಾನಿಲಯಗಳು ಇದಕ್ಕಿಂತ ಹೆಚ್ಚು ಕಾಲ ಬಾಳಿಲ್ಲವೆ? ಬಾಳಿವೆ. ಆದರೆ ಅಲ್ಲೆಲ್ಲ ಮೂವತ್ತು ನಲವತ್ತು ವರ್ಷ ಕುಳಿತು ಕಾಯುವ ಜನರಿರುತ್ತಾರೆ. ಈ ವಿದ್ಯಾರ್ಥಿ ಸಂಘಗಳ ಸಕ್ರಿಯ ಸದಸ್ಯನ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ. ಪ್ರತಿವರ್ಷ ಸುಮಾರು ಕಾಲುಭಾಗದಷ್ಟು ಸದಸ್ಯರು ಪದವಿ ಪಡೆದು ಹೊರಟುಹೋಗುತ್ತಾರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಬ್ಬನೂ ಹಳಬನಿಲ್ಲ. ಇನ್ನೂರು ವರ್ಷಗಳೆಂದರೆ ಐವತ್ತು ತಲೆಮಾರು. ಇಪ್ಪತ್ತೆರಡು ದಾಟದ ಹುಡುಗರು ಐವತ್ತು ಸಲ ಒಬ್ಬರಿಂದೊಬ್ಬರಿಗೆ ದಾಟಿಸಿದ ವಸ್ತುವೊಂದು ಒಡೆಯದೆ ಉಳಿದಿದೆಯೆಂದರೆ, ಮೂರನೆಯ ತಲೆಮಾರನ್ನು ಕಾಣುವುದೇ ಕಷ್ಟವಾಗಿರುವ ಸಂಘಗಳ ಸದಸ್ಯರಾದ ನಾವು, ಹೊರನಾಡ ಕನ್ನಡಿಗರು, ಅದರ ಗುಟ್ಟೇನೆಂದು ವಿಚಾರಿಸುವುದು ಉಚಿತವೆಂದು ನನ್ನ ಭಾವನೆ.

ಗ್ರೀಕ್ ವರ್ಣಮಾಲೆಯ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಳ್ಳುವ ಈ ಸಂಘಗಳಲ್ಲಿ ಹುಡುಗರದು ಫ್ರೆಟರ್ನಿಟಿ, ಹುಡುಗಿಯರದು ಸೊರೊರಿಟಿ. ಲ್ಯಾಟಿನ್ ಭಾಷೆಯ ‘ಸೋದರ’, ‘ಸೋದರಿ’ ಎಂಬ ಮಾತುಗಳಿಂದ ಬಂದ ಹೆಸರುಗಳಿವು. ಭ್ರಾತೃಸಂಘ, ಭಗಿನೀಸಂಘ ಎನ್ನೋಣ. ಇವುಗಳ ಮೂಲಪುರುಷ 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಜನಿಸಿದ ‘ಫೈ ಬೀಟಾ ಕಪ್ಪಾ’. ಅದು ಮುಂದೆ ಗೌಪ್ಯವನ್ನು ತೊರೆದು ಪ್ರತಿಭಾವಂತ ವಿದ್ಯಾರ್ಥಿಗಳನ್ನು ಗೌರವಿಸುವ ಸಂಸ್ಥೆಯಾಗಿ ಮಾರ್ಪಟ್ಟಿತು. ಅದರ ಗುಪ್ತಸಂಕೇತ, ಪ್ರಮಾಣವಚನ, ದೀಕ್ಷಾವಿಧಿಗಳ ಪರಂಪರೆಯನ್ನು ಮುಂದುವರಿಸಿದವು ಯೂನಿಯನ್ ಕಾಲೇಜಿನ ಸಂಘಗಳು. ಪಾದ್ರಿಗಳ ಕಟ್ಟುನಿಟ್ಟಿನ ಆಡಳಿತ, ಬಾಯಿಪಾಠದ ಗ್ರೀಕ್ ಮತ್ತು ಲ್ಯಾಟಿನ್, ದಿನನಿತ್ಯದ ಕಡ್ಡಾಯ ಪ್ರಾರ್ಥನೆ, ಇವುಗಳ ನಡುವೆ ತಮ್ಮದೇ ಆದ ಒಂದು ಮೂಲೆಯನ್ನು ಹುಡುಕಿಕೊಂಡ ಹುಡುಗರ ಸೃಷ್ಟಿ ಅವು.

ಹೆಣ್ಣುಮಕ್ಕಳ ಸಂಘಗಳ ಹುಟ್ಟಿಗೆ ಕಾರಣ ಇನ್ನೂ ಗಾಢವಾದುದು. ಜಾರ್ಜಿಯಾ ರಾಜ್ಯದ ಮೇಕನ್‌ನ ಮಹಿಳಾ ಕಾಲೇಜಿನಲ್ಲಿ 1851ರಲ್ಲಿಯೇ ಅಂತಹ ಒಂದು ಸಂಘವಿತ್ತು. ಆದರೆ 1870ರಲ್ಲಿ ಇಂಡಿಯಾನಾದ ಆಸ್ಬರಿ ಕಾಲೇಜಿನಲ್ಲಿ ‘ಕಪ್ಪಾ ಆಲ್ಫಾ ಥೀಟಾ’ವನ್ನು ಸ್ಥಾಪಿಸಿದ ಹುಡುಗಿಯರ ಪರಿಸ್ಥಿತಿ ಬೇರೆ. ಆ ಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆದು ಮೂರು ವರ್ಷಗಳಷ್ಟೇ ಆಗಿದ್ದವು. ತಮ್ಮನ್ನು ಬೇಡದ ಅತಿಥಿಗಳಂತೆ ಕಾಣುವ ಆವರಣದಲ್ಲಿ ಬೆರಳೆಣಿಕೆಯ ಹೆಣ್ಣುಮಕ್ಕಳಿಗೆ ಪರಸ್ಪರ ಆಸರೆ ಬೇಕಾಗಿತ್ತು. ಪರರ ನಡುವೆ ನಾಲ್ಕು ಜನ ನಮ್ಮವರು ಬೇಕು ಎನ್ನುವ ಆ ಹಂಬಲ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಅಪರಿಚಿತವಲ್ಲ.

ಹುಟ್ಟಿಗೆ ಕಾರಣವಿದ್ದ ಮಾತ್ರಕ್ಕೆ ಬದುಕು ದೀರ್ಘವಾಗುವುದಿಲ್ಲ. ಇದಕ್ಕೆ ಯೇಲ್ ಕಾಲೇಜಿನ ಸಾಹಿತ್ಯ ಸಂಘಗಳೇ ಸಾಕ್ಷಿ. 1753ರಲ್ಲಿ ಸ್ಥಾಪಿತವಾದ ‘ಲಿನೋನಿಯಾ’ ಮತ್ತು 1768ರ ‘ಬ್ರದರ್ಸ್ ಇನ್ ಯೂನಿಟಿ’ ಎಂಬ ಆ ಎರಡು ಸಂಘಗಳು ಚರ್ಚಾಕೂಟ, ಭಾಷಣ, ನಾಟಕಗಳನ್ನು ನಡೆಸುತ್ತಿದ್ದವು. ಸಾವಿರಾರು ಗ್ರಂಥಗಳ ಪುಸ್ತಕಭಂಡಾರಗಳನ್ನು ಹೊಂದಿದ್ದವು. ವಿಚಾರದ ದೃಷ್ಟಿಯಿಂದ ಭ್ರಾತೃಸಂಘಗಳಿಗಿಂತ ಅವು ಎಷ್ಟೋ ಮೇಲು. ಆದರೂ 1870ರ ದಶಕದ ಆರಂಭದ ವೇಳೆಗೆ ಅವು ಮುಚ್ಚಿಹೋಗಿ, ಪುಸ್ತಕಗಳು ಕಾಲೇಜಿನ ಗ್ರಂಥಾಲಯವನ್ನು ಸೇರಿದವು. ಕಾಲೇಜಿಗೆ ಬಂದ ಹುಡುಗರನ್ನು ಎರಡು ಸಂಘಗಳಿಗೂ ಹಂಚಿಬಿಡುವ ರೂಢಿ ಅಲ್ಲಿ ಬೆಳೆದಿತ್ತು. ಎಲ್ಲರೂ ತಾವಾಗಿಯೇ ಸದಸ್ಯರಾಗುವ ಸಂಘಕ್ಕಾಗಿ ಯಾರೂ ದುಡಿಯಬೇಕಾಗಿರಲಿಲ್ಲ. ಸದಸ್ಯತ್ವ ಹೆಸರಿಗೆ ಮಾತ್ರ ಉಳಿಯಿತು, ಸಂಘ ಬಡವಾಯಿತು.

ಭ್ರಾತೃಸಂಘದ ಶಾಖೆಗೆ ಈ ಸೌಕರ್ಯವಿಲ್ಲ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಹಳಬರು ಮನೆಯ ಬಾಗಿಲು ತೆರೆದು, ಒಬ್ಬೊಬ್ಬರನ್ನೂ ಕರೆದು, ಮಾತನಾಡಿಸಿ, ಆರಿಸಿಕೊಳ್ಳಬೇಕು. ಎರಡು ವರ್ಷ ಈ ಕೆಲಸದಲ್ಲಿ ಸೋಮಾರಿತನ ತೋರಿದರೆ ಮೂರನೆಯ ವರ್ಷ ಬೀಗ ಹಾಕಬೇಕಾಗುತ್ತದೆ. ಸಾವು ಸದಾ ಹೊಸ್ತಿಲಲ್ಲಿ ನಿಂತಿರುವುದರಿಂದಲೇ ಅಲ್ಲಿ ಯಾರೂ ಮೈಮರೆಯುವಂತಿಲ್ಲ. ಇದು ಮೊದಲನೆಯ ಕಾರಣ.

ಎರಡನೆಯದು ಅಧಿಕಾರದ ಹಸ್ತಾಂತರ. ಅಧ್ಯಕ್ಷನಿಗೆ ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಖಜಾಂಚಿ ಅವನಿಗಿಂತ ಚಿಕ್ಕವನಾಗಿದ್ದರೂ ಆಶ್ಚರ್ಯವಿಲ್ಲ. ಬಾಡಿಗೆ, ಅಡುಗೆಯವರ ಸಂಬಳ, ಸದಸ್ಯರ ವಂತಿಗೆ, ರಿಪೇರಿಯ ಲೆಕ್ಕಗಳಲ್ಲಿ ಬಹುಪಾಲು ಆ ಕೈಗಳಲ್ಲಿಯೇ ಇರುತ್ತದೆ. ಕಳೆದ ವರ್ಷದ ಅಧ್ಯಕ್ಷ ಈ ವರ್ಷ ಸಲಹೆಗಾರ. ಬರುವ ವರ್ಷ ಬೇರೆ ಊರಿನಲ್ಲಿ ನೌಕರ. ಅವನು ಬಯಸಿದರೂ ಪೀಠಕ್ಕೆ ಅಂಟಿಕೊಂಡು ಕೂರಲಾರ.

ಮೂರನೆಯದು ಸನ್ನದು. ಶಾಖೆಗೆ ಕೇಂದ್ರ ಸಂಸ್ಥೆ ನೀಡುವ ಸನ್ನದಿನ ಬಲದಿಂದ, ಮುಚ್ಚಿದ ಶಾಖೆ ‘ಸತ್ತಿತು’ ಎನಿಸಿಕೊಳ್ಳದೆ ‘ಸುಪ್ತ’ ಎನಿಸಿಕೊಳ್ಳುತ್ತದೆ. ವಿಲಿಯಂ ರೇಮಂಡ್ ಬೇರ್ಡ್ ಎಂಬಾತ 1879ರಲ್ಲಿ ಈ ಸಂಘಗಳ ಕೈಪಿಡಿಯೊಂದನ್ನು ಪ್ರಕಟಿಸಿದ. ಮುಂದೆ ಅನೇಕ ಆವೃತ್ತಿಗಳನ್ನು ಕಂಡ ಆ ಪುಸ್ತಕದಲ್ಲಿ ಶಾಖೆಗಳು ಹುಟ್ಟಿದ, ನಿಂತ, ಮತ್ತೆ ಎದ್ದ ವರ್ಷಗಳನ್ನು ಜಾತಕದಂತೆ ಕೊಡಲಾಗಿದೆ. ಫೈ ಬೀಟಾ ಕಪ್ಪಾದ ಮೂಲಶಾಖೆಯೇ 1781ರಲ್ಲಿ, ಬ್ರಿಟಿಷ್ ಸೈನ್ಯ ಸಮೀಪಿಸುತ್ತಿದ್ದಾಗ, ಮುಚ್ಚಿತು. ಆದರೆ ಅದಕ್ಕೆ ಮುನ್ನವೇ, 1779ರಲ್ಲಿ, ಯೇಲ್ ಮತ್ತು ಹಾರ್ವರ್ಡ್‌ಗಳಿಗೆ ಶಾಖೆ ತೆರೆಯಲು ಸನ್ನದು ಹೋಗಿತ್ತು. ತಾಯಿಬೇರು ಒಣಗಿದಾಗ ಬಿಳಲುಗಳು ಮರವನ್ನು ಉಳಿಸಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮೂಲಶಾಖೆಯೂ ಮತ್ತೆ ಚಿಗುರಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದಕ್ಷಿಣದ ಕಾಲೇಜುಗಳ ಶಾಖೆಗಳು ಸಾಲುಸಾಲಾಗಿ ನಿಂತುಹೋಗಿ ಶಾಂತಿಯ ಬಳಿಕ ಅನೇಕವು ಪುನಃ ಎದ್ದವು. ಮಿಸಿಸಿಪಿ ರಾಜ್ಯ 1912ರಲ್ಲಿ ಕಾನೂನಿನಿಂದಲೇ ಇವುಗಳನ್ನು ನಿಷೇಧಿಸಿತು; 1915ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಆ ನಿಷೇಧವನ್ನು ಎತ್ತಿಹಿಡಿಯಿತು. 1926ರಲ್ಲಿ ನಿಷೇಧ ತೆರವಾದಾಗ ಶಾಖೆಗಳು ಹಿಂದಿರುಗಿದವು.

ನಾಲ್ಕನೆಯದು ಮನೆ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ‘ಕೈ ಸೈ’ ಸಂಘದ ಹುಡುಗರು 1840ರ ದಶಕದಲ್ಲಿ ಮರದ ದಿಮ್ಮಿಗಳಿಂದ ಒಂದು ಗುಡಿಸಲನ್ನು ಕಟ್ಟಿಕೊಂಡರು. ಅಲ್ಲಿಂದಾಚೆಗೆ ಸಂಘವೆಂದರೆ ಮನೆಯೂ ಹೌದೆಂಬ ಭಾವನೆ ಬೇರೂರಿತು. ಸಾಮಾನ್ಯವಾಗಿ ಇಂತಹ ಮನೆಯ ಒಡೆತನ ಹಳೆಯ ವಿದ್ಯಾರ್ಥಿಗಳ ಪ್ರತ್ಯೇಕ ಮಂಡಳಿಯೊಂದರದು. ವಾಸ ಮತ್ತು ದಿನನಿತ್ಯದ ಆಡಳಿತ ಹುಡುಗರದು. ಹಿರಿಯರು ಆಸ್ತಿಯನ್ನು ಕಾಯುತ್ತಾರೆ, ಕಿರಿಯರು ಸಂಘವನ್ನು ನಡೆಸುತ್ತಾರೆ. ಈ ವಿಭಜನೆ ಬಹಳ ಜಾಣತನದ್ದೆಂದು ಒಪ್ಪಬೇಕು.

ಇಷ್ಟನ್ನು ಓದಿ, ದೀರ್ಘಾಯುಷ್ಯದ ಸಿದ್ಧೌಷಧ ದೊರೆಯಿತೆಂದು ಸಂತೋಷಪಡುವ ಮುನ್ನ ಒಂದು ಪ್ರಶ್ನೆಯನ್ನು ಎದುರಿಸಬೇಕು. ಐವತ್ತು ತಲೆಮಾರುಗಳು ಕೈಯಿಂದ ಕೈಗೆ ದಾಟಿಸಿದ್ದು ಏನನ್ನು?

ಸ್ನೇಹವನ್ನು ದಾಟಿಸಿದರು, ನಿಜ. ಅದರೊಡನೆ ಕ್ರೌರ್ಯವನ್ನೂ ದಾಟಿಸಿದರು. 1873ರಲ್ಲಿಯೇ ಕಾರ್ನೆಲ್‌ನಲ್ಲಿ ದೀಕ್ಷೆಯ ಹೆಸರಿನಲ್ಲಿ ರಾತ್ರಿಯ ವೇಳೆ ಕರೆದೊಯ್ಯಲಾದ ವಿದ್ಯಾರ್ಥಿಯೊಬ್ಬ ಕಂದರಕ್ಕೆ ಬಿದ್ದು ಸತ್ತ. 2017ರ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಒಂದು ಶಾಖೆಯಲ್ಲಿ ಹತ್ತೊಂಬತ್ತು ವರ್ಷದ ಹೊಸ ಸದಸ್ಯನೊಬ್ಬ, ವಿಪರೀತವಾಗಿ ಮದ್ಯ ಕುಡಿಸಲ್ಪಟ್ಟು, ಮೆಟ್ಟಿಲಿನಿಂದ ಉರುಳಿ, ಗಂಟೆಗಟ್ಟಲೆ ಸಹಾಯವಿಲ್ಲದೆ ಬಿದ್ದಿದ್ದು ಅಸುನೀಗಿದ. ಈ ಎರಡು ಸಾವುಗಳ ನಡುವೆ 144 ವರ್ಷಗಳಿವೆ. ಇಂತಹ ಕಿರುಕುಳಕ್ಕೆ ಅಲ್ಲಿ ‘ಹೇಜಿಂಗ್’ ಎಂದು ಹೆಸರು. ನಮ್ಮ ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಎನ್ನುವುದರ ಸೋದರಸಂಬಂಧಿ. ಅದನ್ನು ತಡೆಯಲು ನಮ್ಮಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2009ರಲ್ಲಿ ನಿಯಮಗಳನ್ನು ತಂದಿತು. ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂಬ ಒಕ್ಕೂಟ ಕಾನೂನಿಗೆ ಅಮೆರಿಕದಲ್ಲಿ ಸಹಿ ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ.

ಈ ಕ್ರೌರ್ಯ ಏಕೆ ಉಳಿಯಿತು? ಸಂಘವನ್ನು ಬದುಕಿಸಿದ ಏರ್ಪಾಡೇ ಇದನ್ನೂ ಬದುಕಿಸಿತು. ‘ನಾವು ಅನುಭವಿಸಿದೆವು, ಅವರೂ ಅನುಭವಿಸಲಿ’ ಎನ್ನುವ ಸೊಸೆಯೇ ಅತ್ತೆಯಾಗುವ ತರ್ಕ ಅಲ್ಲಿ ಪ್ರತಿವರ್ಷವೂ ಒಂದು ಸುತ್ತು ತಿರುಗುತ್ತದೆ. ಯಾರೂ ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿಯದ ಮನೆಯಲ್ಲಿ ಆಚಾರ ಉಳಿಯುತ್ತದೆ, ಆಚಾರಕ್ಕೆ ಉತ್ತರ ಹೇಳಬೇಕಾದವನು ಉಳಿಯುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೋ ತಮ್ಮ ಯೌವನದ ನೆನಪು ಸಿಹಿಯಾದದ್ದು. ಅದನ್ನು ಕೆದಕುವುದು ಅವರಿಗೆ ಬೇಡ.

ವರ್ಣಭೇದದ ಕಥೆಯೂ ಇಂಥದೇ. ಬಿಳಿಯರಿಗೆ ಮಾತ್ರ ಪ್ರವೇಶವೆಂಬ ನಿಯಮ ಅನೇಕ ಸಂಘಗಳ ನಿಬಂಧನೆಗಳಲ್ಲಿ ಲಿಖಿತವಾಗಿಯೋ ಅಲಿಖಿತವಾಗಿಯೋ ಬಹುಕಾಲ ಇತ್ತು. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ‘ಫೈ ಕಪ್ಪಾ ಸೈ’ ಶಾಖೆಯ ಹುಡುಗರು ಒಬ್ಬ ಕರಿಯ ವಿದ್ಯಾರ್ಥಿಯನ್ನು ತಮ್ಮವನನ್ನಾಗಿ ಆರಿಸಿಕೊಂಡರು. ಕೇಂದ್ರ ಸಂಸ್ಥೆ ಕಣ್ಣು ಕೆಂಪಗೆ ಮಾಡಿತು. ಹುಡುಗರು ಹಿಂಜರಿಯಲಿಲ್ಲ, ಶಾಖೆ ಸಂಸ್ಥೆಯಿಂದ ಹೊರಬಿತ್ತು, ಬೇರೆ ಹೆಸರಿನಲ್ಲಿ ಸ್ವತಂತ್ರ ಸಂಘವಾಗಿ ನಡೆಯಿತು. ಈ ಸಂಘಗಳ ದೀರ್ಘ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಪ್ರಸಂಗ ಇದು. ಆಯುಷ್ಯವೋ ನ್ಯಾಯವೋ ಎಂಬ ಪ್ರಶ್ನೆ ಬಂದಾಗ ಇಪ್ಪತ್ತು ವರ್ಷದ ಹುಡುಗರು ಸನ್ನದನ್ನು ಪಣಕ್ಕಿಟ್ಟರು. ಹಾಗೆಯೇ, ಇವುಗಳಿಂದ ಒಳಿತಿಗಿಂತ ಕೇಡೇ ಹೆಚ್ಚೆಂದು ತೀರ್ಮಾನಿಸಿದ ಕಾಲೇಜುಗಳೂ ಇವೆ. ವಿಲಿಯಮ್ಸ್ ಕಾಲೇಜು 1962ರಲ್ಲಿ, ಆಮ್ಹರ್ಸ್ಟ್ 1984ರಲ್ಲಿ ಇವುಗಳನ್ನು ಕೈಬಿಡಲು ನಿರ್ಧರಿಸಿದವು. ಇದರಿಂದ ಆ ಕಾಲೇಜುಗಳ ಕೀರ್ತಿಯೇನೂ ಕುಂದಲಿಲ್ಲ. ಸ್ವಾರ್ತ್‌ಮೋರ್‌ನಲ್ಲಿ 1933ರಲ್ಲಿ ವಿದ್ಯಾರ್ಥಿನಿಯರೇ ಮತ ಹಾಕಿ ತಮ್ಮ ಸೊರೊರಿಟಿಗಳನ್ನು ರದ್ದುಪಡಿಸಿದರು.

ಹೊರಗಿಡಲ್ಪಟ್ಟವರು ಸುಮ್ಮನೆ ಕೂರಲಿಲ್ಲ. 1906ರಲ್ಲಿ ಕಾರ್ನೆಲ್‌ನಲ್ಲಿ ಕರಿಯ ವಿದ್ಯಾರ್ಥಿಗಳು ‘ಆಲ್ಫಾ ಫೈ ಆಲ್ಫಾ’ವನ್ನೂ, 1908ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಯರು ‘ಆಲ್ಫಾ ಕಪ್ಪಾ ಆಲ್ಫಾ’ವನ್ನೂ ಕಟ್ಟಿದರು. ಇವುಗಳಲ್ಲಿ ಪದವಿ ಮುಗಿದರೂ ಸದಸ್ಯತ್ವದ ಕರ್ತವ್ಯ ಮುಗಿಯುವುದಿಲ್ಲ; ಊರೂರುಗಳಲ್ಲಿ ಪದವೀಧರರ ಶಾಖೆಗಳಿದ್ದು ವಿದ್ಯಾರ್ಥಿವೇತನ, ಮತದಾರರ ನೋಂದಣಿಯಂತಹ ಕಾರ್ಯಗಳನ್ನು ನಡೆಸುತ್ತವೆ. 1913ರಲ್ಲಿ ಹೋವರ್ಡ್‌ನಲ್ಲಿ ಹುಟ್ಟಿದ ‘ಡೆಲ್ಟಾ ಸಿಗ್ಮಾ ಥೀಟಾ’ದ ಹುಡುಗಿಯರು ಎರಡು ತಿಂಗಳೊಳಗಾಗಿಯೇ ವಾಷಿಂಗ್ಟನ್‌ನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಮೊದಲನೆಯ ಸಂಘದ ಸದಸ್ಯರು. ಚೆನ್ನೈ ಮೂಲದ ತಾಯಿಯ ಮಗಳಾದ ಕಮಲಾ ಹ್ಯಾರಿಸ್ ಎರಡನೆಯದರ ಸದಸ್ಯೆ. ಇಲ್ಲಿ ಆಯುಷ್ಯಕ್ಕೆ ಮನೆ, ಸನ್ನದುಗಳಿಗಿಂತ ಮಿಗಿಲಾದ ಆಧಾರವೊಂದಿದೆ: ಹೊರಗೆ ಮಾಡಬೇಕಾದ ಕೆಲಸ. ಭಾರತೀಯ ಮೂಲದ ಹುಡುಗರೂ ಈ ದಾರಿ ಹಿಡಿದಿದ್ದಾರೆ. 1994ರಲ್ಲಿ ಬಿಂಗ್‌ಹ್ಯಾಂಟನ್‌ನಲ್ಲಿ ‘ಅಯೋಟಾ ನ್ಯೂ ಡೆಲ್ಟಾ’, 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹುಡುಗಿಯರ ‘ಕಪ್ಪಾ ಫೈ ಗಾಮಾ’ ಹುಟ್ಟಿದವು. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳಿಗೆ ಇಂದು ಈ ಬಾಗಿಲುಗಳು ತೆರೆದಿವೆ.

ಇನ್ನು ನಮ್ಮ ಮಾತು. ಕಾಲೇಜಿನ ಸಂಘ ಮಾಡಬಹುದಾದ ಕೆಲಸಕ್ಕೆ ನಮ್ಮಲ್ಲಿಯೇ ಉಜ್ವಲ ಉದಾಹರಣೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಬೆಳೆದ ಕರ್ಣಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರತಂದು ಒಂದು ಸಾಹಿತ್ಯ ಯುಗಕ್ಕೆ ವೇದಿಕೆ ಒದಗಿಸಿತು. ಹೊರನಾಡಿನಲ್ಲಿಯೂ ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಿಂದ ಬಾಳಿದೆ. ಆದರೆ ಎಲ್ಲ ಸಂಘಗಳಿಗೂ ಆ ಭಾಗ್ಯವಿಲ್ಲ.

ಕೇಂದ್ರ ಸರ್ಕಾರದ ಸೇವೆಯಲ್ಲಿ ಊರಿಂದೂರಿಗೆ ವರ್ಗವಾಗುತ್ತ ಬಂದ ನಾನು ನಾಲ್ಕು ನಗರಗಳ ಕನ್ನಡ ಸಂಘಗಳಲ್ಲಿ ಸದಸ್ಯನಾಗಿದ್ದೇನೆ. ಅವುಗಳಲ್ಲೊಂದರಲ್ಲಿ ಮೂರು ಬೀರುಗಳ ತುಂಬ ಪುಸ್ತಕಗಳಿದ್ದವು. ಬೀಗದ ಕೈ ಸ್ಥಾಪಕರಲ್ಲೊಬ್ಬರಾದ ಹಿರಿಯರ ಬಳಿ. ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದ ಅವರಷ್ಟು ನಿಷ್ಠಾವಂತರನ್ನು ನಾನು ಕಂಡಿಲ್ಲ. ಅವರು ತೀರಿಕೊಂಡಾಗ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಂಕ್ ಖಾತೆಗೆ ಸಹಿ ಹಾಕಬಲ್ಲ ಮೂವರಲ್ಲಿ ಇಬ್ಬರು ಆಗಲೇ ದಿವಂಗತರು. ಸದಸ್ಯರ ಪುಸ್ತಕದಲ್ಲಿ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೂ ಅವರದೇ ಅಕ್ಷರ. ನಾಲ್ಕು ತಿಂಗಳ ಬಳಿಕ ಬೀಗ ಒಡೆದಾಗ ಎರಡು ಬೀರುಗಳನ್ನು ಗೆದ್ದಲು ತಿಂದಿತ್ತು. ಅವರ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ತಮ್ಮ ಅನಂತರ ಎಂಬ ವಿಚಾರ ಅವರಿಗೆ ಹೊಳೆದಿರಲಿಲ್ಲ, ಅದನ್ನು ನೆನಪಿಸುವ ಧೈರ್ಯ ನಮಗೂ ಇರಲಿಲ್ಲ.

ಸರ್ಕಾರಿ ಕಚೇರಿಯನ್ನು ಬೈಯುವುದು ಸುಲಭ. ಆದರೆ ಅಲ್ಲಿ ವರ್ಗವಾದ ಅಧಿಕಾರಿ ಚಾರ್ಜ್ ಕೊಡದೆ ಹೋಗುವಂತಿಲ್ಲ: ಕಡತ, ನಗದು, ಬೀಗದ ಕೈ ಎಲ್ಲಕ್ಕೂ ಸಹಿಯಾಗಬೇಕು. ನಾನಿಲ್ಲದೆ ಈ ವಿಭಾಗ ನಡೆಯದೆಂದು ನಂಬಿ ಹೊರಟ ಎಷ್ಟೋ ವಿಭಾಗಗಳು ಸುಖವಾಗಿ ನಡೆದಿವೆ. ನಮ್ಮ ಸಂಘಗಳಲ್ಲಿ ಮಾತ್ರ ಚಾರ್ಜ್ ಕೊಡುವ ಸಂಪ್ರದಾಯ ಬೆಳೆಯಲಿಲ್ಲ.

‘ಯುವಕರು ಬರುವುದಿಲ್ಲ’ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಸ್ವತಃ ಅನೇಕ ಸಲ ಆಡಿದ್ದೇನೆ. ಆದರೆ ಬಂದವರಿಗೆ ನಾವು ಕೊಡುವ ಕೆಲಸವೇನು? ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸುವುದು, ಅತಿಥಿಗಳಿಗೆ ಹೂಗುಚ್ಛ ತಂದುಕೊಡುವುದು. ಲೆಕ್ಕದ ಪುಸ್ತಕವನ್ನು ನಾವು ಯಾವ ಯುವಕನ ಕೈಗೆ ಕೊಟ್ಟಿದ್ದೇವೆ? ‘ಅವರಿಗೆ ಕನ್ನಡ ಓದಲು ಬಾರದು’ ಎಂಬುದು ಇನ್ನೊಂದು ಆಕ್ಷೇಪ, ಅದರಲ್ಲಿ ನೋವಿನ ಸತ್ಯವಿದೆ. ಆದರೆ ಭ್ರಾತೃಸಂಘದ ಮೆಟ್ಟಿಲು ಹತ್ತುವ ಹುಡುಗನಿಗೂ ಅದರ ಚರಿತ್ರೆ ತಿಳಿದಿರುವುದಿಲ್ಲ. ಹೊಣೆ ಹೆಗಲಿಗೆ ಬಿದ್ದ ಮೇಲೆ ಕಲಿಯುತ್ತಾನೆ. ಅಲ್ಲಿನ ಪ್ರತಿಷ್ಠೆ, ನೌಕರಿಗೆ ನೆರವಾಗುವ ಪರಿಚಯಗಳು ನಮ್ಮಲ್ಲಿಲ್ಲವೆಂಬುದೂ ನಿಜವೇ. ಅದಕ್ಕಾಗಿಯೇ ನಾವು ಅವರಿಗಿಂತ ಹೆಚ್ಚು ಶ್ರಮಿಸಬೇಕು, ಕಡಿಮೆಯಲ್ಲ.

ಅವರಿಂದ ನಾವು ಗೌಪ್ಯವನ್ನು ಕಲಿಯಬೇಕಾಗಿಲ್ಲ; ಒಳಗೆ ಬರುವವನನ್ನು ಪರೀಕ್ಷಿಸುವ ಚಾಳಿಯಂತೂ ಬೇಡವೇ ಬೇಡ. ಶುದ್ಧ ಕನ್ನಡ ಬಾರದ ಮಕ್ಕಳನ್ನು ನೋಡಿ ನಗುವುದೂ ಒಂದು ಬಗೆಯ ಹೇಜಿಂಗ್ ಎಂಬುದನ್ನು ನೆನಪಿಡೋಣ. ಕಲಿಯಬೇಕಾದದ್ದು ಮೂರು ಸಂಗತಿ. ಪ್ರತಿವರ್ಷ ನಗರಕ್ಕೆ ಹೊಸದಾಗಿ ಬಂದ ಕನ್ನಡಿಗರನ್ನು ಅವರಿರುವ ಕ್ವಾರ್ಟರ್ಸು, ಹಾಸ್ಟೆಲು, ಬಾಡಿಗೆ ಕೋಣೆಗಳಿಗೆ ಹೋಗಿ ಕರೆಯುವುದು. ಪದಾಧಿಕಾರಿಗಳಿಗೆ ಮೀರಲಾಗದ ಅವಧಿಯೊಂದನ್ನು ನಿಬಂಧನೆಯಲ್ಲಿಯೇ ಬರೆದಿಡುವುದು. ಆಸ್ತಿಯ ರಕ್ಷಣೆಯನ್ನು ಹಿರಿಯರಿಗೂ ಸಂಘದ ಆಡಳಿತವನ್ನು ಕಿರಿಯರಿಗೂ ಬೇರ್ಪಡಿಸಿ ಕೊಡುವುದು. ಕಿರಿಯರು ತಪ್ಪು ಮಾಡುತ್ತಾರೆ, ನಾವೂ ಮಾಡಿದ್ದೇವೆ. ನಮ್ಮ ತಪ್ಪುಗಳನ್ನು ತಿದ್ದಲು ಹಿರಿಯರು ಇರಲಿಲ್ಲ. ಅವರ ತಪ್ಪುಗಳನ್ನು ತಿದ್ದಲು ನಾವಿನ್ನೂ ಇದ್ದೇವೆ ಎಂಬುದಷ್ಟೇ ವ್ಯತ್ಯಾಸ. ಕೊಡುವಾಗ, ನಾವು ಏಕೆ ಈ ಸಂಘವನ್ನು ಕಟ್ಟಿದೆವು, ಎಲ್ಲಿ ಎಡವಿದೆವು ಎಂಬುದನ್ನೂ ಹೇಳಿ ಕೊಡೋಣ. ಅವರು ನಮ್ಮ ಆಚಾರಗಳಲ್ಲಿ ಕೆಲವನ್ನು ಬೇಡವೆಂದರೆ, ಆಮ್ಹರ್ಸ್ಟ್‌ನ ಹುಡುಗರನ್ನು ನೆನೆದು ಒಪ್ಪಿಕೊಳ್ಳೋಣ.

ಪರೋಪದೇಶ ಸುಲಭವೆಂಬ ಅರಿವು ನನಗಿದೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾನು ಒಂಬತ್ತು ವರ್ಷಗಳಿಂದ ಇದ್ದೇನೆ, ಅದರಲ್ಲಿ ಐದು ವರ್ಷ ಖಜಾಂಚಿಯಾಗಿ. ಬರುವ ವಾರ್ಷಿಕ ಮಹಾಸಭೆಯಲ್ಲಿ ನಾನು ಉಮೇದುವಾರನಲ್ಲ. ಲೆಕ್ಕದ ಪುಸ್ತಕ, ರಸೀತಿಗಳ ಕಟ್ಟು, ಬೀರುವಿನ ಬೀಗದ ಕೈ, ಇಷ್ಟನ್ನೂ ಪಟ್ಟಿ ಮಾಡಿಟ್ಟಿದ್ದೇನೆ. ಮೂವತ್ತು ದಾಟದ ಒಬ್ಬರು ಮುಂದೆ ಬಂದು ಸಹಿ ಹಾಕಿ ತೆಗೆದುಕೊಳ್ಳಬೇಕೆಂದು ವಿನಂತಿ.